ಬುದ್ಧಿ ಹೇಳದ ಭಾವ

ಹಾಲು ಉಕ್ಕುತ್ತಿದೆ ಎಂದು ಹೇಳುವುದಕ್ಕೂ ಎದುರಿಗಿರುವವರ ಅಪ್ಪಣೆ ಕೇಳುವ ಮನುಷ್ಯರನ್ನು ನಾನು ಕಂಡಿರುವುದು ಒಬ್ಬರನ್ನೇ. ಅವರು ನನ್ನ ಅಕ್ಕನ ಗಂಡ. ಅಕ್ಕ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಿರುತ್ತಾಳೆ; ಭಾವ ಅಡುಗೆಮನೆಯ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, "ಒಂದು ಮಾತು ಹೇಳಲಾ?" ಎನ್ನುತ್ತಾರೆ, ಅವಳು "ಹೇಳಿ" ಎಂದು ತಿರುಗುವಷ್ಟರಲ್ಲಿ ಹೇಳಬೇಕಾದದ್ದನ್ನು ಹಾಲೇ ಹೇಳಿ ಮುಗಿಸಿರುತ್ತದೆ. "ಒಲೆ ಆರಿಸೋಕೆ ನಿಮಗೆ ಕೈ ಇಲ್ವಾ?" ಎಂದು ಅಕ್ಕ ರೇಗಿದರೆ, "ಇನ್ನೂ ಸ್ವಲ್ಪ ಕಾಯಿಸ್ಬೇಕು ಅಂತಿದ್ಯೇನೋ ಅಂದ್ಕೊಂಡೆ" ಎಂಬ ಶಾಂತವಾದ ಉತ್ತರ. ಇಂಥವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಹೇಳಿದರೆ ಹೊಸಬರು ನಗುತ್ತಾರೆ. ನಿವೃತ್ತರಾಗುವವರೆಗೂ ಅವರು ನಮ್ಮ ಬಸ್ ಡಿಪೋದಲ್ಲಿ ಆಪ್ತಸಲಹೆಗಾರರಾಗಿದ್ದರು. ಜನರಿಗೆ ಸಲಹೆ ಕೊಡಲೆಂದೇ ನೇಮಕಗೊಂಡು, ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಶ್ರದ್ಧೆಯಿಂದ ಮಾಡಿದವರು.

ನಾನೂ ಅದೇ ಡಿಪೋದಲ್ಲಿ, ಯಾವ ಡ್ರೈವರು ಯಾವ ಬಸ್ಸಿಗೆ ಎಂದು ದಿನದಿನದ ಡ್ಯೂಟಿ ಬರೆಯುವ ಗುಮಾಸ್ತ. ಭಾವನ ಕೊಠಡಿಗೂ ನನ್ನ ಮೇಜಿಗೂ ನಡುವೆ ಒಂದು ಪ್ಲೈವುಡ್ ಗೋಡೆ ಮಾತ್ರ. ಅದು ಮೊದಲು ಟೈರುಗಳನ್ನು ಇಡುತ್ತಿದ್ದ ಕೋಣೆ. ಎಷ್ಟು ಸುಣ್ಣ ಬಳಿದರೂ ರಬ್ಬರಿನ ವಾಸನೆ ಬಿಟ್ಟುಹೋಗಲು ಒಪ್ಪಿರಲಿಲ್ಲ. ಭಾವ ಅಲ್ಲಿನ ಮೇಜನ್ನು ಗೋಡೆಗೆ ತಳ್ಳಿ ಅದರ ಮೇಲೊಂದು ನೀರಿನ ಹೂಜಿ ಇಟ್ಟರು. ಎರಡು ಕುರ್ಚಿಗಳನ್ನು ಎದುರುಬದುರು ಹಾಕದೆ, ಎರಡರಲ್ಲಿ ಕೂತವರೂ ಒಂದೇ ಕಿಟಕಿಯತ್ತ ನೋಡುವ ಹಾಗೆ ಓರೆಯಾಗಿ ಹಾಕಿಕೊಂಡರು. ಯಾರಾದರೂ ಒಳಗೆ ಬಂದು ಕುಳಿತರೆಂದರೆ ಭಾವ ನನ್ನ ಬಳಿಗೆ ಬರುತ್ತಿದ್ದರು. "ಒಂದು ಮಾತು ಕೇಳಲಾ? ಫ್ಯಾನ್ ಹಾಕ್ಕೊಳ್ತೀಯಾ?" ನನ್ನ ಫ್ಯಾನು ಹಳೆಯದು, ಏರು ಹತ್ತುವ ಬಸ್ಸಿನ ಹಾಗೆ ನರಳುತ್ತಿತ್ತು, ಅದು ತಿರುಗಲು ಶುರುವಾದರೆ ಗೋಡೆಯಾಚೆಯ ಒಂದು ಅಕ್ಷರವೂ ಈಚೆ ಬರುತ್ತಿರಲಿಲ್ಲ. ಚಳಿಗಾಲದಲ್ಲೂ ಆ ಫ್ಯಾನಿನ ಕೆಳಗೆ ಶಾಲು ಹೊದ್ದು ಕೂತು ಸೀನಿದವನು ನಾನು. ಆದ್ದರಿಂದ ಮುಂದೆ ಹೇಳುವುದರಲ್ಲಿ ಕಿವಿಗೊಟ್ಟು ಕದ್ದದ್ದು ಏನೂ ಇಲ್ಲ. ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಒಳಗೆ ಹೋಗಿ ಬಂದವರೇ ಡಿಪೋಗೆಲ್ಲ ಡಂಗುರ ಸಾರಿದ್ದಾರೆ.

ಭಾವನದು ಎತ್ತರದ, ಬಡಕಲು ದೇಹ. ಬೇಸಿಗೆ ಚಳಿಗಾಲ ಎನ್ನದೆ ಮೈಮೇಲೊಂದು ಕಂದು ಕೋಟು. ಅದರ ಎಡ ಜೇಬು ಇವತ್ತಿಗೂ ಹೊಸದರಂತಿದೆ, ಬಲ ಜೇಬು ಮಾತ್ರ ಹೊಲಿಗೆ ಬಿಟ್ಟು ಜೋಲುತ್ತಿತ್ತು. ಕಾರಣ ಇಷ್ಟೇ: ಎದುರಿಗಿದ್ದವನು ತಪ್ಪು ಮಾತಾಡುತ್ತಿದ್ದಾನೆ, ತಿದ್ದಬೇಕು ಎಂದು ಒಳಗಿನಿಂದ ತುಡಿತ ಬಂದಾಗಲೆಲ್ಲ ಭಾವ ಬಲಗೈಯನ್ನು ಜೇಬಿಗೆ ತುರುಕಿ ಮುಷ್ಟಿ ಬಿಗಿಯುತ್ತಿದ್ದರು. ಅಕ್ಕ ಎಷ್ಟೋ ಸಲ ಅದನ್ನು ಹೊಲಿದು ಬೇಸತ್ತು, "ಹೇಳ್ದೆ ಉಳಿಸ್ಕೊಂಡಿರೋ ಬುದ್ಧಿಮಾತೆಲ್ಲ ಈ ಜೇಬಲ್ಲೇ ಇದೆ, ಅದಕ್ಕೇ ಇಷ್ಟು ಭಾರ" ಎನ್ನುತ್ತಿದ್ದಳು. ಅವರ ನಡಿಗೆಯೂ ಅಂಥದ್ದೇ. ಯಾರ ಜೊತೆ ಹೊರಟರೂ ಅರ್ಧ ಹೆಜ್ಜೆ ಹಿಂದೆ ಉಳಿದು, ತಿರುವು ಬಂದಾಗ ಆ ಇನ್ನೊಬ್ಬರು ಯಾವ ಕಡೆ ಹೊರಳುತ್ತಾರೋ ಆ ಕಡೆಗೇ ಹೊರಳುವುದು. ಒಮ್ಮೆ ನಾವಿಬ್ಬರೂ ಔಷಧಿ ಅಂಗಡಿಗೆಂದು ಹೊರಟು, ದಾರಿ ಅವರಿಗೆ ಗೊತ್ತಿದೆ ಎಂದು ನಾನು, ನನಗೇನೋ ಬೇರೆ ಉದ್ದೇಶವಿದೆ ಎಂದು ಅವರು, ಹೀಗೆ ಊರಿನ ಆ ತುದಿಯ ರೈಲ್ವೆ ಗೇಟಿನವರೆಗೂ ಹೋಗಿ ನಿಂತಿದ್ದೆವು.

ಆದರೆ ಅವರು ಹುಟ್ಟಾ ಹೀಗಿದ್ದವರಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಭಾವನ ಗಂಟಲಿಗೆ ಇಡೀ ಡಿಪೋ ಹೆದರುತ್ತಿತ್ತು. ಮದ್ಯಪಾನದ ಮೇಲೆ ಅವರದೊಂದು ಭಾಷಣವಿತ್ತು. ಆರೋಗ್ಯವಂತನ ಪಿತ್ತಜನಕಾಂಗ ಒಂದು ಕಡೆ, ಕುಡುಕನದು ಇನ್ನೊಂದು ಕಡೆ ಬರೆದಿದ್ದ ದೊಡ್ಡ ಚಿತ್ರಪಟವನ್ನು ಬಿಚ್ಚಿ ಮೊಳೆಗೆ ತೂಗುಹಾಕಿ, ಕಡ್ಡಿ ಹಿಡಿದು, ಸಂಸಾರ ಬೀದಿಪಾಲಾಗುವ ಬಗೆಯನ್ನು ಅವರು ವರ್ಣಿಸುತ್ತಿದ್ದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು, ಹಿಂದಿನ ಸಾಲಿನವರು ನಿದ್ದೆ ಮಾಡುತ್ತಿದ್ದರು, ಸಂಜೆ ಎರಡೂ ಸಾಲಿನವರು ಕೂಡಿಯೇ ಕುಡಿಯಲು ಹೋಗುತ್ತಿದ್ದರು. ಎಂಜಿನ್ ವಿಭಾಗದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಆ ಭಾಷಣವನ್ನು ಅವರಷ್ಟು ಸಲ ಕೇಳಿದವರಿಲ್ಲ. ಕೊನೆಕೊನೆಗೆ ಅದು ಅವರಿಗೆ ಬಾಯಿಪಾಠವಾಗಿ, ಕುಡಿದಾಗ ಸ್ಪ್ಯಾನರನ್ನೇ ಕಡ್ಡಿಯ ಹಾಗೆ ಹಿಡಿದು, ಭಾವನದೇ ದನಿಯಲ್ಲಿ, ಒಂದು ಮಾತೂ ತಪ್ಪದೆ ಒಪ್ಪಿಸಿ ಎಲ್ಲರನ್ನೂ ನಗಿಸುತ್ತಿದ್ದರು. ಆ ಮೆಕ್ಯಾನಿಕ್ ಅದೇ ಚಿತ್ರದಲ್ಲಿದ್ದ ರೋಗದಿಂದಲೇ ತೀರಿಕೊಂಡರು. ಮಣ್ಣು ಮಾಡಿ ವಾಪಸು ಬರುವಾಗ ಭಾವ ನನಗೆ ಹೇಳಿದ್ದು ಇಷ್ಟು: "ಅವರಿಗೆ ಗೊತ್ತಿಲ್ಲದ್ದು ಒಂದೂ ನಾನು ಹೇಳಿರ್ಲಿಲ್ಲ." ಚಿತ್ರಪಟ ಮತ್ತೆ ಮೊಳೆಗೆ ಏರಲಿಲ್ಲ. ಮರುವರ್ಷ ಎಲ್ಲೋ ದೂರದ ತರಬೇತಿಗೆ ತಾವಾಗಿಯೇ ಅರ್ಜಿ ಹಾಕಿ ಹೋದರು; ಹೋಗುವಾಗ ಗಂಟಲಿದ್ದ ಮನುಷ್ಯ, ಬರುವಾಗ ಬರೀ ಕಿವಿಯಾಗಿ ಬಂದರು.

ಅಲ್ಲಿ ಕಲಿತು ಬಂದ ವಿದ್ಯೆಯನ್ನು ನನ್ನಂಥ ದಡ್ಡನಿಗೂ ತಿಳಿಯುವಂತೆ ಅವರು ಒಮ್ಮೆ ಟೀ ಕುಡಿಯುತ್ತಾ ಬಿಡಿಸಿ ಹೇಳಿದ್ದರು. ಹೇಳಲಾ ಎಂದು ಕೇಳಿ, ನಾನು ಹೂಂ ಎಂದ ಮೇಲೆಯೇ. ಬಿಡಬೇಕು ಎಂಬ ಮನಸ್ಸೂ ಬಿಡಲಾರೆ ಎಂಬ ಮನಸ್ಸೂ ಕುಡಿಯುವವನ ಒಳಗೆ ಒಟ್ಟಿಗೇ ಇರುತ್ತವೆ. ಹೊರಗಿನವನು ಬಿಡು ಎಂಬ ಪಕ್ಷ ವಹಿಸಿದ ತಕ್ಷಣ ಅವನಿಗೆ ಉಳಿಯುವುದು ಬಿಡಲಾರೆ ಎಂಬ ಪಕ್ಷ ಮಾತ್ರ, ಅದನ್ನೇ ಹಟದಿಂದ ವಾದಿಸುತ್ತಾನೆ. ಹಾಗಾಗಿ ಹೊರಗಿನವನು ಬಾಯಿ ಮುಚ್ಚಿಕೊಂಡು, ಬಿಡಬೇಕೆಂಬ ವಾದವನ್ನು ಅವನ ಬಾಯಿಂದಲೇ ಬರಲು ಬಿಡಬೇಕು. ಇದಕ್ಕೆ ಭಾವನ ಬಳಿ ಒಂದು ಪ್ರಶ್ನೆಯಿತ್ತು. "ಸೊನ್ನೆಯಿಂದ ಹತ್ತರವರೆಗೆ ಹೇಳೋದಾದ್ರೆ, ಬಿಡೋ ಮನಸ್ಸು ಎಷ್ಟಿದೆ?" ಯಾರೋ ನಾಲ್ಕು ಎನ್ನುತ್ತಾರೆ. ನೀವಾಗಲಿ ನಾನಾಗಲಿ ಆಗಿದ್ದರೆ, ಏನಯ್ಯಾ, ಬರೀ ನಾಲ್ಕಾ, ಎಂಟು ಯಾಕಿಲ್ಲ ಎಂದು ಮೇಲೆ ಬೀಳುತ್ತಿದ್ದೆವು. ಅವನು ಎಂಟು ಯಾಕಾಗದು ಎಂಬುದಕ್ಕೆ ನೆಪಗಳನ್ನು ಪೋಣಿಸುತ್ತಾ ಹೋಗುತ್ತಿದ್ದ. ಭಾವ ಕೇಳುತ್ತಿದ್ದುದು ತಿರುವುಮುರುವು: "ನಾಲ್ಕು ಯಾಕೆ, ಎರಡು ಯಾಕಲ್ಲ?" ಈಗ ಆ ಮನುಷ್ಯ ತನ್ನಲ್ಲಿರುವ ಚೂರುಪಾರು ಒಳ್ಳೆಯ ಮನಸ್ಸಿಗೆ ತಾನೇ ವಕೀಲನಾಗಬೇಕು. ಅವನು ಏನು ಹೇಳಿದರೂ ಭಾವ "ಅಂದ್ರೆ..." ಎಂದು ಶುರುಮಾಡಿ, ಅವನ ಮಾತನ್ನೇ ಒಂದಿಷ್ಟು ಒರೆಸಿ, ಅವನ ಕೈಗೇ ವಾಪಸು ಕೊಡುತ್ತಿದ್ದರು.

ಈ "ಅಂದ್ರೆ" ಮನೆಯಲ್ಲೂ ಬಿಡುತ್ತಿರಲಿಲ್ಲವಾದ್ದರಿಂದ ಅಕ್ಕನ ಪಾಡು ಕೇಳಬಾರದು. "ತಲೆ ಸಿಡೀತಿದೆ" ಎಂದರೆ "ಅಂದ್ರೆ ಇವತ್ತು ತುಂಬಾ ಕೆಲಸ ಆಯ್ತು." "ಕೆಲಸ ಅಲ್ಲ, ನೀವು!" "ಅಂದ್ರೆ ನನ್ನ ಮೇಲೆ ಕೋಪ ಇದೆ." ಅವರ ಮಗಳಂತೂ ಹತ್ತನೇ ತರಗತಿಯ ಹೊತ್ತಿಗೇ ಈ ಆಟದಲ್ಲಿ ಪಳಗಿ, ಅಂಕಪಟ್ಟಿ ನೋಡಿ ಅಪ್ಪನ ಮುಖ ಸಪ್ಪಗಾದಾಗ, "ಅಂದ್ರೆ ಅಪ್ಪಾ, ನಿಮಗೆ ಬೇಜಾರಾಗಿದೆ, ಆದ್ರೆ ಹೇಳ್ಕೊಳ್ಳೋಕೆ ಇಷ್ಟ ಇಲ್ಲ" ಎಂದು ಬಿಟ್ಟಳು. ನಾನು ಸಿಗರೇಟು ಸೇದುತ್ತೇನೆ. ಇಡೀ ಬಂಧುಬಳಗ ಬಿಡು ಬಿಡು ಎಂದು ಪ್ರಾಣ ತಿಂದಿದೆ. ಭಾವ ಒಬ್ಬರು ಒಂದು ದಿನವೂ ಅಂದವರಲ್ಲ. ನನಗೇ ಕೆಡುಕೆನಿಸಿ, "ನನ್ನ ವಿಷಯದಲ್ಲಿ ನಿಮಗೆ ಚಿಂತೆಯೇ ಇಲ್ವಾ ಭಾವ?" ಎಂದು ಕೇಳಿದ್ದೆ. "ತುಂಬಾ ಇದೆ. ಮಾತಾಡೋಣ್ವಾ?" ಎಂದರು. ಬೇಡ ಎಂದೆ. ಈಗಲೂ ಸೇದುತ್ತೇನೆ.

ನಮ್ಮ ಡಿಪೋದಲ್ಲಿ ಹಾರ್ನ್ ಎಂದೇ ಎಲ್ಲರೂ ಕರೆಯುತ್ತಿದ್ದ ಒಬ್ಬ ಡ್ರೈವರು ಇದ್ದ. ರಸ್ತೆ ಖಾಲಿಯಿದ್ದರೂ ಹಾರ್ನು ಹೊಡೆಯುವವನು, ಪಕ್ಕದಲ್ಲಿ ನಿಂತವನ ಜೊತೆಗೂ ಮೈದಾನದಾಚೆಗೆ ಕೇಳುವ ಹಾಗೆ ಮಾತಾಡುವವನು. ಕೈ ಮಾತ್ರ ಬಂಗಾರದಂಥದ್ದು, ಅವನ ಬಸ್ಸಿನಲ್ಲಿ ನಿಂತು ಹೋಗುವ ಮುದುಕರಿಗೂ ಕಂಬಿ ಹಿಡಿಯುವ ಅಗತ್ಯ ಬೀಳುತ್ತಿರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಅವನ ಮಗಳು ಶಾಲೆಗೆ ಹೋಗುತ್ತಿದ್ದಳು. ಎಂಜಿನ್ ಪಕ್ಕದ ಮುಂದಿನ ಸೀಟು ಅವಳದೇ. ಒಂದು ಬೆಳಿಗ್ಗೆ ಗೇಟಿನಲ್ಲಿ ಉಸಿರು ಊದಿಸುವ ಯಂತ್ರ ಹಿಡಿದು ತಪಾಸಣೆಗೆ ನಿಂತಿದ್ದರು. ಹಾರ್ನ್ ಊದಿದ, ಯಂತ್ರ ಕೂಗಿತು. ಹಿಂದಿನ ರಾತ್ರಿಯದೋ ಬೆಳಗಿನದೋ, ಅಂತೂ ಒಳಗೆ ಇತ್ತು. ಇಳಿ ಎಂದರು. ಮಗಳ ಕಣ್ಣೆದುರಿಗೇ ಅವನು ಸ್ಟಿಯರಿಂಗ್ ಬಿಟ್ಟು ಇಳಿದ. ಬದಲಿ ಡ್ರೈವರನ್ನು ಹಾಕಿ ಬಸ್ಸು ಬಿಡಿಸಿದವನು ನಾನೇ. ಆ ಹುಡುಗಿ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, ಕಿಟಕಿಯಾಚೆ ನಿಂತಿದ್ದ ಅಪ್ಪನ ಕಡೆ ನೋಡದೆ ಮುಂದಕ್ಕೇ ನೋಡುತ್ತಾ ಹೋದಳು. ಮಾರನೆಯ ದಿನದಿಂದ ಅವಳು ಬೇರೆ ಬಸ್ಸು ಹಿಡಿದಳು.

ನಿಯಮ ಕಟ್ಟುನಿಟ್ಟು. ಸಿಕ್ಕಿಬಿದ್ದ ಡ್ರೈವರು ಬಸ್ಸು ತೊಳೆಯುವ ಜಾಗದಲ್ಲಿ ನೀರಿನ ಪೈಪು ಹಿಡಿಯಬೇಕು, ವಾರಕ್ಕೊಮ್ಮೆ ಸಲಹೆಗಾರರನ್ನು ಕಾಣಬೇಕು, ಎರಡು ತಿಂಗಳಾದ ಮೇಲೆ ಡಿಪೋ ಮ್ಯಾನೇಜರು ಸ್ಟಿಯರಿಂಗ್ ಹಿಂದಿರುಗಿಸುವುದೋ, ಶಾಶ್ವತವಾಗಿ ತೊಳೆಯಲಿಕ್ಕೇ ಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಹಾರ್ನಿಗೆ ಸ್ಟಿಯರಿಂಗ್ ಎಂದರೆ ಬರೀ ನೌಕರಿಯಲ್ಲ, ಅವನಿಗೆ ಬರುತ್ತಿದ್ದುದು, ಅವನಿಗೆ ಮರ್ಯಾದೆ ತರುತ್ತಿದ್ದುದು ಅದೊಂದೇ. ಅದು ಕೈಬಿಟ್ಟರೆ ಮಗಳ ಮುಂದೆ ಮತ್ತೆ ತಲೆಯೆತ್ತುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರಾಗಿ ಮಾತಾಡುತ್ತಿದ್ದ.

ಮೊದಲ ಭೇಟಿಯಲ್ಲಿಯೇ ಭಾವ ಎಡವಿದರು. ಅದು ಆ ಕಸುಬಿನವರು ಮಾತ್ರ ಎಡವಬಹುದಾದ ಜಾಗ. ಎಲ್ಲರೂ ಕುಡೀತಾರೆ, ನಂಗೇನೂ ಆಗಿಲ್ಲ, ಕುಡಿದ್ರೇನೇ ನನ್ನ ಕೈ ನೆಟ್ಟಗಿರೋದು ಎಂದು ಹಾರ್ನ್ ಒಂದೇ ಸಮನೆ ಕೂಗಾಡಿದನಂತೆ. ಇಂಥ ಹೊತ್ತಿಗೆಂದು ಭಾವನ ವಿದ್ಯೆಯಲ್ಲಿ ಒಂದು ಪಟ್ಟು ಇದೆ: ಎದುರಿನವನ ಮಾತನ್ನು ಅವನು ಹೇಳಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಮಾಡಿ ಹೇಳುವುದು. ಆಗ ಅವನೇ, ಅಯ್ಯೋ ಅಷ್ಟು ಹೇಳಬೇಡಿ, ಒಂದೆರಡು ತೊಂದರೆ ಇಲ್ಲದೇ ಇಲ್ಲ ಎಂದು ಹಿಂದಕ್ಕೆ ಬರುತ್ತಾನೆ. ಭಾವ ಹೇಳಿದರು: "ಅಂದ್ರೆ ಕುಡಿತದಿಂದ ನಿಮಗೆ ಯಾವ ತೊಂದ್ರೇನೂ ಇಲ್ಲ, ಗಾಡಿ ಓಡಿಸೋಕೆ ಏನೂ ಅಡ್ಡಿ ಇಲ್ಲ." ನೂರು ಜನ ಹಿಂದಕ್ಕೆ ಬಂದಿದ್ದರು. ಹಾರ್ನ್ ಬರಲಿಲ್ಲ. ಎದ್ದುನಿಂತು ಕೈಮುಗಿದು, ಬಾಗಿಲು ದಾಟಿ, ನನ್ನ ಫ್ಯಾನು ಅಲ್ಲಾಡುವಂಥ ದನಿಯಲ್ಲಿ ಅಂಗಳಕ್ಕೆಲ್ಲ ಸಾರಿದ: "ಕೇಳಿಸ್ಕೊಳ್ರಪ್ಪಾ! ಕೌನ್ಸೆಲರ್ ಸಾಹೇಬ್ರೇ ಬಾಯ್ಬಿಟ್ಟು ಹೇಳಿದ್ರು! ನಂಗೆ ಏನೂ ತೊಂದ್ರೆ ಇಲ್ವಂತೆ, ಗಾಡಿ ಓಡ್ಸೋಕೆ ಏನೂ ಅಡ್ಡಿ ಇಲ್ವಂತೆ!" ಅದೇ ಉಸಿರಿನಲ್ಲಿ ಮ್ಯಾನೇಜರ ಕೋಣೆಗೆ ನುಗ್ಗಿ ಸ್ಟಿಯರಿಂಗ್ ಕೇಳಿದ.

ನಮ್ಮ ಮ್ಯಾನೇಜರು ಕೆಟ್ಟವರಲ್ಲ, ಆದರೆ ತಾಳ್ಮೆ ಅವರ ಜಾತಕದಲ್ಲಿ ಬರೆದಿರಲಿಲ್ಲ. ಭಾವನನ್ನು ಕರೆಸಿದರು; ನನ್ನ ಮೇಜು ಆ ಬಾಗಿಲಿಗೂ ಹತ್ತಿರ.

"ಹೀಗೆ ಹೇಳಿದ್ರಾ?"

"ಹೇಳಿದೆ."

"ತಲೆ ಸರಿ ಇದೆಯೇನ್ರೀ ನಿಮಗೆ? ನಾನು ಹಾಗೆ ಹೇಳಿಲ್ಲ, ಅವನು ಸುಳ್ಳು ಹೇಳ್ತಿದ್ದಾನೆ ಅಂತ ಬರೆದುಕೊಡಿ. ಇವತ್ತೇ ಅವನ ಕಥೆ ಮುಗಿಸ್ತೀನಿ."

"ಸುಳ್ಳಲ್ಲ ಸಾರ್, ನಾನು ಹೇಳಿದ್ದೇ. ತಪ್ಪು ನನ್ನದು."

ಮ್ಯಾನೇಜರು ತಲೆ ಹಿಡಿದುಕೊಂಡರು. ಇನ್ನೊಂದು ಸಲ ಹೀಗಾದರೆ ಆ ಕೊಠಡಿಗೆ ಮತ್ತೆ ಟೈರು ತುಂಬಿಸುತ್ತೇನೆ ಎಂದರು. ಭಾವ ಹೊರಗೆ ಬಂದವರು ಸೀದಾ ಬಸ್ಸು ತೊಳೆಯುವ ಜಾಗಕ್ಕೆ ನಡೆದರು. ಸೋಪಿನ ನೊರೆಯಲ್ಲಿ ಮೊಣಕಾಲವರೆಗೆ ಪ್ಯಾಂಟು ಮಡಚಿ ನಿಂತಿದ್ದ ಹಾರ್ನ್ ಜಗಳಕ್ಕೆ ಸಿದ್ಧನಾಗಿ ಪೈಪನ್ನು ಎತ್ತಿ ಹಿಡಿದ. ಆಮೇಲೆ ನಡೆದದ್ದನ್ನು ಅವನೇ ಎಲ್ಲರಿಗೂ ಹೇಳಿದ್ದಾನೆ. "ಆಗ ನಾನು ಹೇಳಿದ್ದು ನಿಮ್ಮ ಮಾತು ಅರ್ಥ ಆಗಿ ಅಲ್ಲ. ನಿಮ್ಮನ್ನ ಸಿಕ್ಕಿಸೋಕೆ ಹೇಳಿದ್ದು. ಹಾಗೆ ಮಾಡ್ಬಾರ್ದಿತ್ತು, ತಪ್ಪಾಯ್ತು" ಎಂದರಂತೆ ಭಾವ. ಕೋಟಿನ ಮೇಲೆಲ್ಲ ನೀರು ಸಿಡಿದು ಒದ್ದೆಯಾಗಿದ್ದರೂ ಉತ್ತರಕ್ಕೆ ಕಾಯದೆ ಬಂದುಬಿಟ್ಟರಂತೆ. ಅಧಿಕಾರಿಗಳ ಕಡೆಯಿಂದ ಬೈಗುಳ, ಮೆಮೊ, ಒಮ್ಮೊಮ್ಮೆ ಶಹಭಾಸ್‌ಗಿರಿ ಎಲ್ಲವನ್ನೂ ಕಂಡಿದ್ದ ಹಾರ್ನಿಗೆ ಕ್ಷಮೆ ಎಂಬುದು ಹೊಸದು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಆ ದಿನ ಒಂದೇ ಬಸ್ಸನ್ನು ಎರಡು ಸಲ ತೊಳೆದ.

ಆದರೂ ಸ್ಟಿಯರಿಂಗ್ ಬೇಕಲ್ಲ. ಡ್ರೈವರುಗಳ ರೆಸ್ಟ್ ರೂಮಿನಲ್ಲಿ ಅದಕ್ಕೊಂದು ಕೋಚಿಂಗ್ ಕ್ಲಾಸೇ ನಡೆಯಿತು. ಭಾವನ ಪ್ರಶ್ನೆಗಳು ಆ ಹೊತ್ತಿಗೆ ಡಿಪೋಗೆಲ್ಲ ಗೊತ್ತಿದ್ದವು. ಒಬ್ಬ ಕಂಡಕ್ಟರು ಹೆಗಲ ಮೇಲೆ ಟವೆಲನ್ನು ಕೋಟಿನ ಹಾಗೆ ಹೊದ್ದು, "ಅಂದ್ರೆ..." ಎನ್ನುತ್ತಾ ಭಾವನ ಪಾತ್ರ ಹಾಕಿದ. ಉಳಿದವರು ಹಾರ್ನಿಗೆ ಹೇಳಿಕೊಟ್ಟರು. ಹತ್ತು ಅನ್ನಬೇಡ, ನಂಬಲ್ಲ, ಎರಡು ಅಂದ್ರೆ ಕೆಟ್ಟೆ, ಆರು ಅನ್ನು. ಮೂರು ಯಾಕಲ್ಲ ಅಂತಾರೆ. ಆಗ ಮಗಳ ವಿಷಯ ತೆಗಿ. ನೆಲ ನೋಡು. ನಡುವೆ ಒಂದು ಸಲ ಮಾತು ನಿಲ್ಲಿಸು. ಮೇಜು ಕುಟ್ಟಿ ಕುಟ್ಟಿ ನಕ್ಕರು. ಎಲ್ಲರಿಗಿಂತ ಜೋರಾಗಿ ಹಾರ್ನ್ ನಕ್ಕ.

ನನಗೆ ಸಿಟ್ಟು ಬಂತು. ಆ ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲವನ್ನೂ ಬಾಯಿಬಿಟ್ಟೆ: "ನಿಮ್ಮನ್ನ ಮಂಗ ಮಾಡ್ತಿದ್ದಾರೆ ಭಾವ." ಅವರು ತಟ್ಟೆಯಿಂದ ತಲೆಯೆತ್ತದೆ, "ಗೊತ್ತು" ಎಂದರು.

"ಗೊತ್ತಾ? ಮತ್ತೆ?"

"ನಾಟಕಕ್ಕಾದ್ರೂ ಬಾಯಿಬಿಟ್ಟು ಹೇಳ್ಲಿ ಬಿಡು. ಅವನು ಹೇಳಿದ್ದು ನಂಗೆ ಕೇಳಿಸೋಕೆ ಮುಂಚೆ ಅವನ ಕಿವಿಗೇ ಬೀಳುತ್ತಲ್ಲ."

ಮುಂದಿನ ಭೇಟಿಯ ದಿನ ಹಾರ್ನ್ ಒಳಗೆ ಹೋದ; ನಾನು ಫ್ಯಾನು ಹಾಕಿದೆ. ಪಾಠ ಒಪ್ಪಿಸುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಳೆಯಿತು, ಅದರ ಮೇಲೆ ಮತ್ತೂ ಅಷ್ಟು ಹೊತ್ತು ಕಳೆಯಿತು. ಹೊರಗೆ ಬಂದವನು ಸೀದಾ ಹೋಗಿ ತೊಳೆಯಲು ನಿಲ್ಲಿಸಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ರೆಸ್ಟ್ ರೂಮಿನಲ್ಲಿ ಟವೆಲ್ ಹೊದ್ದ ಕಂಡಕ್ಟರು ಸಮೇತ ಎಲ್ಲರೂ ಕಾಯುತ್ತಿದ್ದರು. ಎಷ್ಟೋ ದಿನಗಳಾದ ಮೇಲೆ ಅವನೇ ಹೇಳಿದ ಪ್ರಕಾರ ಆದದ್ದು ಇಷ್ಟು: ಆರು ಎಂದ, ಮೂರು ಯಾಕಲ್ಲ ಎಂದರು, ಮಗಳು ಎಂದ, ನೆಲ ನೋಡಿದ, ಮಾತು ನಿಲ್ಲಿಸಿದ, ಎಲ್ಲವೂ ಹೇಳಿಕೊಟ್ಟ ಹಾಗೆಯೇ. "ಮುಂಚೆ ನನ್ನ ಪಕ್ಕದಲ್ಲೇ ಮುಂದಿನ ಸೀಟಲ್ಲಿ ಕೂತು ಬರ್ತಿದ್ಲು ಸಾರ್, ಈಗ ನನ್ನ ಬಸ್ಸು ಬಿಟ್ಟು ಬೇರೆ ಬಸ್ಸಿಗೆ ಹೋಗ್ತಾಳೆ" ಎಂದ. ಭಾವ, "ಅಂದ್ರೆ ಆ ಸೀಟು ಈಗ ಖಾಲಿ" ಎಂದರು. ಹೇಳಿಕೊಟ್ಟ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಸುಳ್ಳು ಹೇಳೋಕೆ ಅಂತ ಹೋದೆ ಕಣ್ರೀ. ಬಾಯಿಗೆ ನಿಜ ಬಂದ್ಬಿಡ್ತು. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

ಅಂದಿನಿಂದ ಅವನು ಉದ್ಧಾರವಾದ ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಹಾಗಾಗಲಿಲ್ಲ. ನಡುವೆ ಒಂದು ವಾರ ಕೆಂಗಣ್ಣು ಮಾಡಿಕೊಂಡು ಬಂದ. ಒಂದು ಭೇಟಿಗೆ ಬರಲೇ ಇಲ್ಲ. ಭಾವ ಆ ಹೊತ್ತಿನುದ್ದಕ್ಕೂ ಖಾಲಿ ಕುರ್ಚಿಯ ಪಕ್ಕದಲ್ಲಿ ಕಿಟಕಿ ನೋಡುತ್ತಾ ಕೂತಿದ್ದರು, ನಾನು ಮೊದಲೇ ಹಾಕಿಟ್ಟಿದ್ದ ಫ್ಯಾನನ್ನು ನಿಲ್ಲಿಸಲೂ ಹೇಳಲಿಲ್ಲ. ಮನೆಯಲ್ಲಿ ಊಟ ಸೇರದೆ ಎದ್ದುಬಿಡುತ್ತಿದ್ದರೆಂದು ಅಕ್ಕ ಹೇಳಿದಳು. "ಒಂದು ಸಲ ಗಟ್ಟಿಯಾಗಿ ಗದರಿಸಿ ನೋಡಿ" ಎಂದು ಅವಳೂ ಅಂದಿದ್ದಾಳೆ. ಭಾವ, "ಹಾಗೆ ಮಾಡಿದ್ರೆ ನಂಗೆ ಸಮಾಧಾನ ಆಗುತ್ತೆ, ಅವನಿಗೆ ಏನೂ ಆಗಲ್ಲ" ಎಂದರಂತೆ. ಹಾಗೆಂದು ಅವರಿಗೆ ಭಯ ಇರಲಿಲ್ಲವೆಂದಲ್ಲ. ಮೆಕ್ಯಾನಿಕ್ ಸತ್ತಾಗ ಗದರಿಸಿಯೂ ಉಳಿಸಲಾಗಲಿಲ್ಲ ಎಂಬ ದುಃಖ ಅವರಿಗಿತ್ತು. ಈಗ ಗದರಿಸದೆ ಇನ್ನೊಬ್ಬನನ್ನು ಕಳೆದುಕೊಂಡರೆ ಯಾವ ಮುಖ ಹೊತ್ತು ಬದುಕಲಿ ಎಂಬ ಅಳುಕೂ ಇತ್ತು. ಅದನ್ನು ಅವರು ನನ್ನೊಡನೆ ಒಂದೇ ಒಂದು ಸಲ ಆಡಿದ್ದಾರೆ.

ತೀರ್ಮಾನದ ದಿನ ಬಂತು. ಮ್ಯಾನೇಜರ ಕೋಣೆಯಲ್ಲಿ ಹಾರ್ನ್, ಭಾವ, ಮರುದಿನದ ಡ್ಯೂಟಿಯಲ್ಲಿ ಯಾವ ಹೆಸರು ಬರೆಯಬೇಕೆಂದು ತಿಳಿಯಲು ಕರೆಸಿಕೊಂಡಿದ್ದ ನಾನು. ಹಾರ್ನ್ ಯಂತ್ರಕ್ಕೆ ಊದಿದ, ಯಂತ್ರ ಸುಮ್ಮನಿತ್ತು. ಮ್ಯಾನೇಜರಿಗೂ ಒಳ್ಳೆಯ ಡ್ರೈವರು ಬೇಕಾಗಿತ್ತು, ಆ ದಾರಿಯಲ್ಲಿ ಪ್ರಯಾಣಿಕರ ದೂರು ಶುರುವಾಗಿತ್ತು. ಭಾವನ ಕಡೆ ತಿರುಗಿ, "ಏನಂತೀರಿ, ಕೊಡ್ಬಹುದಾ?" ಎಂದರು. ಭಾವ, "ಅವರನ್ನೇ ಕೇಳಿ ಸಾರ್" ಎಂದರು. ಇದೊಳ್ಳೆ ಕಥೆ ಎಂದು ಗೊಣಗುತ್ತಾ ಮ್ಯಾನೇಜರು, "ನಾಳೆಯಿಂದ ಬಸ್ಸು ಹತ್ತಯ್ಯಾ" ಎಂದು ಹಾರ್ನಿಗೆ ಹೇಳಿ ಕೈ ಬೀಸಿದರು. ನಾನು ಪೆನ್ನು ತೆರೆದೆ.

ಹಾರ್ನ್ ಹೋಗಲಿಲ್ಲ. ನಾನು ಅವನಿಂದ ಎಂದೂ ಕೇಳದಿದ್ದಷ್ಟು ಮೆಲ್ಲನೆ, "ಸಾರ್, ನಾನು ನಾಲ್ಕು" ಎಂದ.

"ಏನು ನಾಲ್ಕು?"

"ಇವರ ಹತ್ರ ಆರು ಅಂತ ಹೇಳಿದ್ದೆ. ಅದು ರೂಮಲ್ಲಿ ಹುಡುಗರು ಹೇಳ್ಕೊಟ್ಟಿದ್ದು. ನಿಜವಾಗಿ ನಾಲ್ಕು. ನಿನ್ನೆ ಕುಡಿದಿಲ್ಲ, ಮೊನ್ನೆ ಕುಡಿದಿಲ್ಲ. ಆದ್ರೆ ಬೆಳಿಗ್ಗೆ ಎದ್ರೆ ಕೈ ನಡುಗುತ್ತೆ. ಸಂಜೆ ಆದ್ರೆ ಕಾಲು ಆ ಕಡೆಗೇ ಎಳೆಯುತ್ತೆ. ಹಿಂದೆ ಅಷ್ಟೊಂದು ಜನ ಕೂತಿರ್ತಾರೆ ಸಾರ್. ಇನ್ನೊಂದೆರಡು ತಿಂಗಳು ನೀರೇ ಹಿಡೀತೀನಿ."

ನಾನು ಭಾವನನ್ನು ನೋಡಿದೆ. ಆ ಸ್ಟಿಯರಿಂಗ್ ಅವನಿಗೆ ಸಿಗಲೆಂದು ಹಾರ್ನಿಗಿಂತ ಹೆಚ್ಚು ಹಂಬಲಿಸಿದ್ದವರು ಅವರು. ಕೈಗೆ ಬಂದ ತುತ್ತನ್ನು ಇವನೇ ದೂಡುತ್ತಿದ್ದಾನೆ. ತೆಗೆದುಕೊಳ್ಳಯ್ಯಾ, ನಿನ್ನಿಂದ ಆಗುತ್ತೆ ಎಂದು ಬೆನ್ನು ತಟ್ಟಲು ಯಾರಿಗಾದರೂ ಮನಸ್ಸಾಗುವ ಗಳಿಗೆ. ಭಾವನ ಬಲಗೈ ಕೋಟಿನ ಜೇಬಿಗೆ ಇಳಿಯಿತು, ಮುಷ್ಟಿ ಬಿಗಿದದ್ದು ಬಟ್ಟೆಯ ಮೇಲಿಂದಲೇ ಕಾಣಿಸಿತು. ಕೊನೆಗೆ ಅವರು ಕೇಳಿದ್ದು, "ನಾಲ್ಕು ಯಾಕೆ, ಎರಡು ಯಾಕಲ್ಲ?"

"ಇಲ್ಲೂ ಶುರುಮಾಡಿದ್ರೇನ್ರೀ!" ಎಂದು ಮ್ಯಾನೇಜರು ಮೇಜು ಗುದ್ದಿದರು. ಆದರೆ ಹಾರ್ನ್ ಉತ್ತರ ಹೇಳಿದ. ಭಾವನಿಗಲ್ಲ, ಮ್ಯಾನೇಜರಿಗೂ ಅಲ್ಲ, ತನಗೇ ಎಂಬಂತೆ.

"ನಿನ್ನೆ ಶಾಲೆ ಬಿಟ್ಮೇಲೆ ಮಗಳು ತೊಳೆಯೋ ಜಾಗಕ್ಕೆ ಬಂದಿದ್ಲು. ಮಾತಾಡ್ಲಿಲ್ಲ. ನಾನು ತೊಳೀತಿದ್ದ ಬಸ್ಸು ಹತ್ತಿ ಕೂತ್ಕೊಂಡ್ಲು. ಮುಂದಿನ ಸೀಟಲ್ಲಿ ಅಲ್ಲ, ಮಧ್ಯದಲ್ಲಿ ಎಲ್ಲೋ. ನಾನು ಮುಗಿಸೋವರೆಗೂ ಕೂತಿದ್ಲು."

ನಾನು ಪೆನ್ನು ಮುಚ್ಚಿ, ಮರುದಿನದ ಡ್ಯೂಟಿಗೆ ಬೇರೆ ಹೆಸರು ಹುಡುಕಲು ಹೊರಗೆ ಬಂದೆ. ನನಗೆ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅವನು ಕೇಳಿಕೊಂಡದ್ದಕ್ಕಿಂತ ಹೆಚ್ಚೇ ದಿನ ನೀರು ಹಿಡಿದ. ಆಮೇಲೆ ಬಸ್ಸು ಹತ್ತಿದ. ಇವತ್ತಿನವರೆಗೆ ಯಂತ್ರ ಅವನ ಮೇಲೆ ಕೂಗಿಲ್ಲ. ಅವನ ಹಾಗೆಯೇ ಆ ಕುರ್ಚಿಯಲ್ಲಿ ಕೂತೆದ್ದವರಲ್ಲಿ ಬಿಡದೆ ಉಳಿದವರೂ ಇದ್ದಾರೆ, ಬಿಟ್ಟು ಮತ್ತೆ ಹಿಡಿದವರೂ ಇದ್ದಾರೆ. ಲೆಕ್ಕ ಹಾಕಿ ಗೆದ್ದೆವೆಂದು ಭಾವ ಎಂದೂ ಹೇಳಿಕೊಂಡವರಲ್ಲ.

ಭಾವ ನಿವೃತ್ತರಾದಾಗ ಡಿಪೋದ ಅಂಗಳದಲ್ಲಿಯೇ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಮ್ಯಾನೇಜರು ಹೊಗಳಿದರು, ಯೂನಿಯನ್ನಿನವರು ಹೊಗಳಿದರು, ಟವೆಲ್ ಹೊದ್ದಿದ್ದ ಕಂಡಕ್ಟರು ಅವರ ದನಿಯನ್ನು ಅನುಕರಿಸಿ ನಗಿಸಿದ. ಕೊನೆಗೆ ಎಲ್ಲರೂ ಹಾರ್ನನ್ನು ಮುಂದಕ್ಕೆ ತಳ್ಳಿದರು. ಇವನಲ್ಲವೇ ಅವರ ದೊಡ್ಡ ಸಾಧನೆ, ಇವನು ಆಡುವ ಮಾತಿಗೆ ಬೆಲೆ ಹೆಚ್ಚು ಎಂದು ನಾವೆಲ್ಲ ಕಿವಿ ನಿಮಿರಿಸಿ ಕೂತೆವು. ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ ಅವನು ಹೇಳಿದ: "ಎಲ್ರೂ ಇವರು ಅದು ಮಾಡಿದ್ರು ಇದು ಮಾಡಿದ್ರು ಅಂತಿದ್ದೀರಿ. ನನಗೆ ಇವರು ಏನೂ ಮಾಡ್ಲಿಲ್ಲ. ಕುಡಿತ ಬಿಟ್ಟಿದ್ದು ನಾನೇ. ನಾನೇ ಯೋಚ್ನೆ ಮಾಡ್ದೆ, ನಾನೇ ಬಿಟ್ಟೆ. 'ಬಿಡು' ಅಂತ ಒಂದು ಮಾತೂ ಇವರು ಹೇಳಿದ್ದಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತಿದ್ರು. ಒಳ್ಳೆ ಮನುಷ್ಯ, ಚೆನ್ನಾಗಿರ್ಲಿ." ಅಷ್ಟೇ. ಇಳಿದುಹೋಗಿ ಟೀ ಕುಡಿಯಲು ನಿಂತ.

ಮ್ಯಾನೇಜರು ಕೆಮ್ಮಿದರು. ನನ್ನ ಮೈ ಉರಿಯಿತು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಆ ಕೃತಘ್ನನನ್ನು ಬೈದೆ; ಇವನಿಗಾಗಿ ಊಟ ಬಿಟ್ಟಿರಿ, ಮ್ಯಾನೇಜರ ಬಾಯಿಗೆ ಬಿದ್ದಿರಿ, ಒಂದು ಉಪಕಾರದ ಮಾತು ಆಡಲು ಅವನಿಗೆ ಬಾಯಿ ಬರಲಿಲ್ಲವೇ ಎಂದೆ. ಅರ್ಧ ಹೆಜ್ಜೆ ಹಿಂದೆ ಬರುತ್ತಿದ್ದ ಭಾವನತ್ತ ತಿರುಗಿ ನೋಡಿದೆ. ಅವರ ಕಣ್ಣು ತುಂಬಿತ್ತು. ಮುಖದಲ್ಲಿ ಮಾತ್ರ, ಮಗಳು ಹುಟ್ಟಿದ ದಿನ ನಾನು ಕಂಡಿದ್ದಂಥ ಸಂತೋಷ. "ನಾನೇ ಬಿಟ್ಟೆ ಅಂದ, ಕೇಳಿಸ್ಕೊಂಡ್ಯಾ?" ಎಂದರು. "ಇವರು ಬಿಡಿಸಿದ್ರು ಅಂತ ಏನಾದ್ರೂ ಅಂದಿದ್ರೆ ನಂಗೆ ಇವತ್ತು ನಿದ್ದೆ ಬರ್ತಿರ್ಲಿಲ್ಲ. ನಾನಿಲ್ಲದ ನಾಳೆ ಅವನು ಏನು ಮಾಡ್ತಿದ್ದ ಹೇಳು."

ಜಗತ್ತಿನಲ್ಲಿ ಉಪಕಾರಿಗಳಿಗೆ ಕೊರತೆಯಿಲ್ಲ. ಕೈಹಿಡಿದು ಎತ್ತಿದವರು, ದಾರಿ ತೋರಿದವರು, ಬುದ್ಧಿ ಹೇಳಿ ತಿದ್ದಿದವರು, ಇವರೆಲ್ಲರ ಭಾವಚಿತ್ರಗಳು ಯಾರಾದರೊಬ್ಬರ ಮನೆಯ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ಇರುತ್ತವೆ, ಇರಲಿ, ಅವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಇನ್ನೊಂದು ವಿರಳವಾದ ವರ್ಗವಿದೆ. ಮತ್ತೊಬ್ಬನ ಬದುಕಿನಲ್ಲಿ ತಮ್ಮ ಹೆಸರು ಎಲ್ಲೂ ಉಳಿಯದ ಹಾಗೆ ಕೆಲಸ ಮಾಡುವವರು ಅವರು. ಉಳಿದರೆ ಕೆಲಸ ಅರ್ಧಕ್ಕೆ ನಿಂತಿತೆಂದು ತಿಳಿಯುವವರು. ಅಂಥವರಿಗೆ ಕೃತಜ್ಞತೆ ಹೇಳುವುದು ಬಹಳ ಕಷ್ಟ, ಯಾಕೆಂದರೆ ಅವರಿಂದ ಪಡೆದವನಿಗೆ ತಾನು ಪಡೆದೆನೆಂಬುದೇ ಗೊತ್ತಿರುವುದಿಲ್ಲ; ಅದು ಮೊದಲಿಂದಲೂ ತನ್ನಲ್ಲೇ ಇತ್ತು ಎಂದು ಅವನು ನಂಬಿರುತ್ತಾನೆ. ಅವನ ನಂಬಿಕೆ ನಿಜವೂ ಹೌದು.